ಎರಡು ವಾರದ ಸ್ಪ್ರಿಂಟ್‌ನಲ್ಲಿ ಡಿಸೈನ್‌ಗೆ ಜಾಗ ಎಲ್ಲಿ? ಪ್ರತಿ ಸಲ ಅರ್ಧ ಸ್ಟೋರಿ ಮುಂದಕ್ಕೆ ಹೋಗ್ತಿದೆ

ಬಿಲ್ಡ್‌ಕೆಂಪಣ್ಣ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಆನ್‌ಲೈನ್ ಅಂಗಡಿಯೊಂದರ ಆರ್ಡರ್ ಮತ್ತು ರಿಫಂಡ್ ಭಾಗ ನೋಡಿಕೊಳ್ಳೋ ಟೀಮ್ ನಮ್ಮದು. ಆರು ಜನ ಡೆವಲಪರ್, ಒಬ್ಬರು ಟೆಸ್ಟರ್, ಒಬ್ಬರು ಪ್ರಾಡಕ್ಟ್ ಓನರ್ (ಏನು ಮಾಡಬೇಕು ಅಂತ ತೀರ್ಮಾನಿಸೋರು). ಕೋಡ್ ಜಾವಾ ಮತ್ತು ಸ್ಪ್ರಿಂಗ್ ಬೂಟ್‌ನಲ್ಲಿ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಸ್ಪ್ರಿಂಟ್ (ಗೊತ್ತುಮಾಡಿದ ಕೆಲಸ ಮುಗಿಸೋ ಒಂದು ಸುತ್ತು) ಎರಡು ವಾರದ್ದು; ಅದರೊಳಗಿನ ಒಂದೊಂದು ಕೆಲಸಕ್ಕೆ ಸ್ಟೋರಿ, ಅದರ ಗಾತ್ರದ ಅಂದಾಜಿಗೆ ಪಾಯಿಂಟ್ ಅಂತೀವಿ.

ತೊಂದರೆ ಎರಡು. ಪ್ಲಾನಿಂಗ್‌ನಲ್ಲಿ 30 ಪಾಯಿಂಟ್ ತಗೊಂಡರೆ 18ರ ಆಸುಪಾಸು ಮುಗಿಯುತ್ತೆ. ಉಳಿದದ್ದೆಲ್ಲ ಕೊನೆಯ ಎರಡು ದಿನ ಟೆಸ್ಟಿಂಗ್ ಕಾಲಮ್‌ನಲ್ಲಿ ಸಾಲುಗಟ್ಟಿ ನಿಂತು ಮುಂದಿನ ಸ್ಪ್ರಿಂಟ್‌ಗೆ ಹೋಗುತ್ತೆ. ಎರಡನೇದು ಕೋಡ್. ಆರ್ಡರ್ ಸರ್ವಿಸ್ ಅನ್ನೋ ಒಂದೇ ಕ್ಲಾಸ್ 4,000 ಸಾಲು ದಾಟಿದೆ. ಯಾವ ಸ್ಟೋರಿ ತಗೊಂಡರೂ ಅದರಲ್ಲೇ ಕೈ ಹಾಕಬೇಕು, ಹಾಗಾಗಿ ದಿನಾ ಮರ್ಜ್ (ಎಲ್ಲರ ಕೋಡ್ ಒಂದಾಗಿಸೋ) ಜಗಳ.

ಮ್ಯಾನೇಜರ್ ಹೇಳೋದು, ಒಂದು ಸ್ಪ್ರಿಂಟ್ ಪೂರ್ತಿ ರಿಫ್ಯಾಕ್ಟರಿಂಗ್‌ಗೆ (ನಡವಳಿಕೆ ಬದಲಾಗದಂತೆ ಕೋಡ್ ಅಚ್ಚುಕಟ್ಟು ಮಾಡೋದಕ್ಕೆ) ಕೊಟ್ಟುಬಿಡೋಣ ಅಂತ. ಆರ್ಕಿಟೆಕ್ಟ್ ಹೇಳೋದು, ಕೋಡ್ ಬರೆಯೋ ಸ್ಪ್ರಿಂಟ್‌ಗಿಂತ ಒಂದು ಸ್ಪ್ರಿಂಟ್ ಮುಂಚೆಯೇ ಡಿಸೈನ್ ಡಾಕ್ಯುಮೆಂಟ್ ರೆಡಿ ಇರಬೇಕು ಅಂತ. ಎರಡೂ ಸರಿ ಅನ್ನಿಸ್ತಿಲ್ಲ. ಮುಂದೆ ಬರ್ತಿರೋ ದೊಡ್ಡ ಕೆಲಸ ‘ಆರ್ಡರ್‌ನಲ್ಲಿ ಒಂದೇ ವಸ್ತು ರದ್ದು ಮಾಡಿ ಅದರ ದುಡ್ಡು ವಾಪಸ್ ಕೊಡೋದು’. 13 ಪಾಯಿಂಟ್ ಅಂತ ಹಾಕಿದ್ದಾರೆ. ದಸರಾ ಸೇಲ್‌ಗೆ ಮುಂಚೆ ಬೇಕಂತೆ. ಇದನ್ನ ಹೇಗೆ ಒಡೆಯೋದು, ಡಿಸೈನ್ ಯಾವಾಗ ಮಾಡೋದು?

---

ಗೇರುಬೀಜ_ಗಿಟ್

ಮೊದಲು ಲೆಕ್ಕ ಹಾಕಿ ಸರ್, ಆಮೇಲೆ ಡಿಸೈನ್ ಮಾತಾಡೋಣ. ಪಾಯಿಂಟ್ ಬಿಟ್ಟು ದಿನಗಳಲ್ಲಿ ನೋಡಿ.

ಸ್ಪ್ರಿಂಟ್ ಪದ್ಧತಿಯ ಮೂಲ ಕೈಪಿಡಿಯಾದ ಸ್ಕ್ರಮ್ ಗೈಡ್‌ನ ಪ್ರಕಾರ ಒಂದು ತಿಂಗಳ ಸ್ಪ್ರಿಂಟ್‌ಗೆ ಪ್ಲಾನಿಂಗ್ ಹೆಚ್ಚೆಂದರೆ 8 ಗಂಟೆ, ರಿವ್ಯೂ 4, ರೆಟ್ರೊ (ಕೆಲಸ ಹೇಗೆ ನಡೆಯಿತು ಅಂತ ತಿರುಗಿ ನೋಡೋದು) 3. ಎರಡು ವಾರಕ್ಕೆ ಅರ್ಧ ಇಟ್ಟುಕೊಂಡರೆ 4, 2, ಒಂದೂವರೆ. ದಿನಕ್ಕೆ 15 ನಿಮಿಷದ ಡೈಲಿ ಮೀಟಿಂಗ್ ಸೇರಿಸಿದರೆ ತಲೆಗೆ ಸುಮಾರು 10 ಗಂಟೆ, ಅಂದರೆ ಒಂದೂಕಾಲು ದಿನ. ರಿಫೈನ್‌ಮೆಂಟ್‌ಗೆ (ಮುಂದಿನ ಸ್ಟೋರಿಗಳನ್ನ ಚರ್ಚಿಸಿ ಸ್ಪಷ್ಟ ಮಾಡಿಕೊಳ್ಳೋದಕ್ಕೆ) ಇನ್ನೊಂದು ದಿನ. (ಹಳೆಯ ಗೈಡ್‌ನಲ್ಲಿ ಇದಕ್ಕೆ 10 ಪರ್ಸೆಂಟ್ ಮೀರಬಾರದು ಅಂತ ಇತ್ತು, 2020ರ ಆವೃತ್ತಿಯಲ್ಲಿ ಆ ಸಂಖ್ಯೆ ತೆಗೆದರು. ಅಳತೆಯಾಗಿ ಈಗಲೂ ಚೆನ್ನಾಗೇ ಇದೆ.) 10 ದಿನದಲ್ಲಿ ಉಳಿಯೋದು 7.75.

ಆರು ಜನರಲ್ಲಿ ಒಬ್ಬರು ಪ್ರೊಡಕ್ಷನ್ (ಗ್ರಾಹಕರು ಬಳಸ್ತಿರೋ ವ್ಯವಸ್ಥೆಯ) ಸಪೋರ್ಟ್‌ಗೆ. ಆ ವ್ಯಕ್ತಿಯನ್ನ ಲೆಕ್ಕದಿಂದ ಪೂರ್ತಿ ತೆಗೆದುಬಿಡಿ, ‘ಅರ್ಧ ಇರ್ತಾರೆ’ ಅನ್ನೋದು ಯಾವತ್ತೂ ಸುಳ್ಳೇ. ಐದು ಜನ × 7.75 = 38.75. ರಜೆ ಮೂರು ದಿನ ಕಳೆಯಿರಿ, 35.75. ಆಯುಧಪೂಜೆ ಇರೋ ಸ್ಪ್ರಿಂಟ್‌ನಲ್ಲಿ ಇನ್ನೂ ಕಳೆಯಬೇಕು, ಜನ ಊರಿಗೆ ಹೋಗೇ ಹೋಗ್ತಾರೆ. ಅದರಲ್ಲಿ 20 ಪರ್ಸೆಂಟ್ ಖಾಲಿ ಬಿಡಿ. ಕೈಗೆ ಸಿಗೋದು 28-29 ದಿನದ ಕೆಲಸ. ನೀವು ಬಹುಶಃ 60 ದಿನ ಇದೆ ಅಂದುಕೊಂಡು ಪ್ಲಾನ್ ಮಾಡ್ತಿದೀರ. 30 ತಗೊಂಡು 18 ಮುಗಿಸೋ ಟೀಮ್ ನಿಧಾನದ್ದೇನಲ್ಲ, ಅದು 18ರ ಟೀಮ್. ಮುಂದಿನ ಸಲ 18 ತಗೊಳ್ಳಿ, ಬೇಗ ಮುಗಿದರೆ ಬ್ಯಾಕ್‌ಲಾಗ್‌ನಿಂದ (ಬಾಕಿ ಕೆಲಸದ ಪಟ್ಟಿಯಿಂದ) ಇನ್ನೊಂದು ಎಳೆದುಕೊಳ್ಳಿ.

ಇನ್ನು ಟೆಸ್ಟಿಂಗ್ ಕಾಲಮ್. ಆರು ಡೆವಲಪರ್ ಆರು ಸ್ಟೋರಿ ಶುರು ಮಾಡಿದರೆ ಆರೂ ಎಂಟನೇ ದಿನಕ್ಕೆ ಒಟ್ಟಿಗೆ ಬಂದು ಬೀಳುತ್ತೆ, ಇರೋ ಒಬ್ಬ ಟೆಸ್ಟರ್ ಏನು ಮಾಡಬೇಕು? ಲಿಟಲ್‌ನ ನಿಯಮ ಸುಲಭ: ಒಂದು ಸ್ಟೋರಿಗೆ ಹಿಡಿಯೋ ಸರಾಸರಿ ಸಮಯ ಅಂದರೆ ಕೈಯಲ್ಲಿರೋ ಸ್ಟೋರಿಗಳನ್ನ ದಿನಕ್ಕೆ ಮುಗಿಯೋ ಸ್ಟೋರಿಗಳಿಂದ ಭಾಗಿಸಿದ್ದು. 10 ದಿನದಲ್ಲಿ 8 ಮುಗಿದರೆ ದಿನಕ್ಕೆ 0.8. ಕೈಯಲ್ಲಿ 6 ಇದ್ದರೆ ಒಂದಕ್ಕೆ ಏಳೂವರೆ ದಿನ. 3 ಇದ್ದರೆ ನಾಲ್ಕು ದಿನಕ್ಕೂ ಕಡಿಮೆ. ಒಂದು ಸ್ಟೋರಿಗೆ ಇಬ್ಬರು ಕೂತ್ಕೊಳ್ಳಿ, ಟೆಸ್ಟರ್‌ಗೆ ಮೊದಲನೇದು ಮೂರನೇ ದಿನಕ್ಕೆ ಸಿಗಬೇಕು.

ಒಂದು ಎಚ್ಚರಿಕೆ. ಎಲ್ಲರೂ ಅದೇ 4,000 ಸಾಲಿನ ಕ್ಲಾಸ್‌ನಲ್ಲಿ ಕೈ ಹಾಕ್ತಿದ್ದರೆ ಮೇಲಿನ ಲೆಕ್ಕದಿಂದ ಅರ್ಧ ಮಾತ್ರ ಸರಿಹೋಗುತ್ತೆ. ಉಳಿದರ್ಧಕ್ಕೆ ಡಿಸೈನ್ ಗೊತ್ತಿರೋರು ಬರೀಲಿ.

---

ಶರಾವತಿ_ಸ್ಟ್ಯಾಕ್

ನಿಮ್ಮ ಎರಡು ತೊಂದರೆಗಳೂ ಒಂದೇ. ಕೋಡ್ ಎಷ್ಟು ಬೇರೆ ಬೇರೆಯಾಗಿದೆಯೋ ಸ್ಟೋರಿಯನ್ನೂ ಅಷ್ಟೇ ಸಣ್ಣದಾಗಿ ಒಡೆಯಲು ಸಾಧ್ಯ. ಎಲ್ಲವೂ ಒಂದೇ ಕ್ಲಾಸ್‌ನಲ್ಲಿ ಹೆಣೆದುಕೊಂಡಿದ್ದರೆ 13 ಪಾಯಿಂಟ್‌ನ ಸ್ಟೋರಿ 13 ಆಗಿಯೇ ಉಳಿಯುತ್ತೆ, ಯಾವ ಸ್ಕ್ರಮ್ ಮಾಸ್ಟರ್ ಬಂದರೂ ಅಷ್ಟೇ.

ಹಾಗಾಗಿ ನಿಮ್ಮ ರದ್ದತಿ ಸ್ಟೋರಿಯನ್ನೇ ಹಿಡಿದು ನೋಡೋಣ. ಇದನ್ನ ‘ಡೇಟಾಬೇಸ್ ಕೆಲಸ, ಎಪಿಐ (ಬೇರೆ ಪ್ರೋಗ್ರಾಂಗಳು ಕರೆಯೋ ದಾರಿ) ಕೆಲಸ, ಸ್ಕ್ರೀನ್ ಕೆಲಸ’ ಅಂತ ಅಡ್ಡಡ್ಡ ಕತ್ತರಿಸಬೇಡಿ. ಮೂರೂ ಮುಗಿಯೋವರೆಗೆ ಯಾರಿಗೂ ಏನೂ ತೋರಿಸೋಕೆ ಆಗಲ್ಲ. ವ್ಯವಹಾರದ ಸಂದರ್ಭದ ಮೇಲೆ ಉದ್ದುದ್ದ ಕತ್ತರಿಸಿ:

ಮೊದಲು, ಇನ್‌ವಾಯ್ಸ್ ಆಗುವ ಮುಂಚೆ ಒಂದು ವಸ್ತು ರದ್ದು, ಕೂಪನ್ ಇಲ್ಲದ ಆರ್ಡರ್. ಎರಡನೇದು, ಅದೇ, ಆದರೆ ಕೂಪನ್ ಇದೆ. ಮೂರನೇದು, ಇನ್‌ವಾಯ್ಸ್ ಆದ ಮೇಲೆ ರದ್ದು. ಮೂರನೇದು ಬೇರೆಯೇ ಪ್ರಾಣಿ. ಸರಕು ಗೋದಾಮು ಬಿಡುವ ಹೊತ್ತಿಗೆ ಟ್ಯಾಕ್ಸ್ ಇನ್‌ವಾಯ್ಸ್ ಆಗಿರಬೇಕು, ಆಮೇಲೆ ವಸ್ತು ವಾಪಸ್ ಬಂದರೆ ಸಿಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಕ್ರೆಡಿಟ್ ನೋಟ್ ಕೊಡಬೇಕು. ಹಳೆ ಇನ್‌ವಾಯ್ಸ್‌ನ ಸಾಲನ್ನು ಡೇಟಾಬೇಸ್‌ನಲ್ಲಿ ಅಪ್‌ಡೇಟ್ ಮಾಡಿಬಿಡೋದು ಅಂದರೆ ಅಕೌಂಟ್ಸ್‌ನವರ ಕೈಲಿ ಬೈಸಿಕೊಳ್ಳೋ ದಾರಿ. ದಸರಾ ಸೇಲ್‌ಗೆ ಮುಂಚೆ ಮೊದಲೆರಡು ಬಂದರೆ ಸಾಕು ಅಂತ ಪ್ರಾಡಕ್ಟ್ ಓನರ್ ಒಪ್ಪಿಯೇ ಒಪ್ಪುತ್ತಾರೆ. ಯಾಕೆಂದರೆ ಆರ್ಡರ್ ಹಾಕಿದ ಸ್ವಲ್ಪ ಹೊತ್ತಿಗೇ ಮನಸ್ಸು ಬದಲಾಯಿಸೋರು ಈ ಎರಡರಲ್ಲೇ ಬರ್ತಾರೆ.

ಈಗ ಡಿಸೈನ್ ಎಲ್ಲಿ ಬೇಕು ಅನ್ನೋದು. ಕೂಪನ್ ಸಂದರ್ಭವನ್ನ ಕಾಗದದ ಮೇಲೆ ಮಾಡಿ ನೋಡಿ. ₹499ರ ಮೂರು ವಸ್ತು, ಒಟ್ಟು ₹1,497. ‘₹1,000 ಮೇಲೆ ₹100 ರಿಯಾಯಿತಿ’ ಕೂಪನ್. ಗ್ರಾಹಕ ಕೊಟ್ಟಿದ್ದು ₹1,397. ಈಗ ಒಂದು ವಸ್ತು ರದ್ದು. ಎಷ್ಟು ವಾಪಸ್?

ರಿಯಾಯಿತಿಯನ್ನ ಮೂರಕ್ಕೂ ಹಂಚಿ, ಹಂಚಿದ್ದನ್ನ ಹಾಗೇ ಉಳಿಸಿದರೆ ₹465.67. ಉಳಿದ ಎರಡು ವಸ್ತು ₹998, ಅದು ಸಾವಿರಕ್ಕಿಂತ ಕಡಿಮೆ, ಆದ್ದರಿಂದ ಕೂಪನ್ನೇ ರದ್ದು ಅಂದರೆ ₹399. ಕೂಪನ್ ಉಳಿಯಲಿ, ಆದರೆ ಉಳಿದ ಎರಡಕ್ಕೆ ಮತ್ತೆ ಹಂಚಿ ಅಂದರೆ ₹499. ಮೂರು ಉತ್ತರ, ಮೂರಕ್ಕೂ ಸಮರ್ಥನೆ ಇದೆ. ಇದನ್ನ ತೀರ್ಮಾನಿಸೋದು ಡೆವಲಪರ್ ಕೆಲಸ ಅಲ್ಲ. ಈ ಪ್ರಶ್ನೆ ರಿಫೈನ್‌ಮೆಂಟ್‌ನಲ್ಲಿ ಬರದೆ ಏಳನೇ ದಿನ ಟೆಸ್ಟರ್ ಬಾಯಲ್ಲಿ ಬಂದಾಗಲೇ ನಿಮ್ಮ ಸ್ಟೋರಿ ಮುಂದಿನ ಸ್ಪ್ರಿಂಟ್‌ಗೆ ಹೋಗೋದು. ನಿಜವಾದ ಸಂಖ್ಯೆ ಇಟ್ಟುಕೊಂಡು ಇಂಥ ನಾಲ್ಕೈದು ಉದಾಹರಣೆ ಬರೆದುಕೊಳ್ಳದೆ ಸ್ಟೋರಿಯನ್ನ ಸ್ಪ್ರಿಂಟ್ ಒಳಗೆ ಬಿಡಬೇಡಿ.

ಪೈಸೆಯ ವಿಷಯವೂ ಇಲ್ಲೇ. ₹100ನ್ನ ಮೂರಕ್ಕೆ ಹಂಚಿದರೆ 33.33 ಮೂರು ಸಲ, 99.99 ಆಯ್ತು, ಒಂದು ಪೈಸೆ ಮಿಕ್ಕಿತು. ಎಲ್ಲ ಮೊತ್ತವನ್ನೂ ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ: 3333, 3333, 3334. ಆರ್ಡರ್ ಹಾಕಿದ ಕ್ಷಣದಲ್ಲೇ ಪ್ರತಿ ಸಾಲಿನ ಜೊತೆ ಅದರ ಪಾಲಿನ ರಿಯಾಯಿತಿಯನ್ನ ಬರೆದಿಡಿ. ರದ್ದಾದಾಗಲೆಲ್ಲ ಮತ್ತೆ ಲೆಕ್ಕ ಹಾಕೋ ಕೋಡ್, ಒಂದೊಂದಾಗಿ ಮೂರೂ ರದ್ದಾದಾಗ ಕೊಟ್ಟಿದ್ದಕ್ಕಿಂತ ಒಂದು ಪೈಸೆ ಜಾಸ್ತಿಯೋ ಕಡಿಮೆಯೋ ವಾಪಸ್ ಮಾಡುತ್ತೆ. ಜಾಸ್ತಿ ಆದರೆ ಪೇಮೆಂಟ್ ಗೇಟ್‌ವೇ ಆ ಕೊನೆಯ ರಿಫಂಡನ್ನ ತಿರಸ್ಕರಿಸುತ್ತೆ.

ಇಷ್ಟು ಗೊತ್ತಾದ ಮೇಲೆ ಎಲ್ಲಿ ಕತ್ತರಿಸಬೇಕು ಅನ್ನೋದು ತಾನಾಗೇ ಕಾಣುತ್ತೆ. ‘ರಿಫಂಡ್ ಎಷ್ಟು’ ಮತ್ತು ‘ರಿಫಂಡ್ ಕಳಿಸು’ ಎರಡೂ ಬೇರೆ. ಮೊದಲನೇದು ಬರೀ ಲೆಕ್ಕ. ಆರ್ಡರ್ ಸಾಲುಗಳು, ರಿಯಾಯಿತಿ, ರದ್ದಾದ ಸಾಲು, ಸಮಯ ಇಷ್ಟನ್ನ ಒಳಗೆ ತಗೊಂಡು ಮೊತ್ತಗಳ ಪಟ್ಟಿ ಹೊರಗೆ ಕೊಡಬೇಕು. ಅದರೊಳಗೆ ಡೇಟಾಬೇಸ್ ಇಲ್ಲ, ನೆಟ್‌ವರ್ಕ್ ಇಲ್ಲ, ಈಗ ಗಂಟೆ ಎಷ್ಟು ಅಂತ ಕೇಳೋದೂ ಇಲ್ಲ, ಸಮಯವನ್ನ ಹೊರಗಿಂದ ಕೊಡಿ. ಇದಕ್ಕೆ ಇನ್ನೂರು ಟೆಸ್ಟ್ ಬರೆದರೂ ಓಡೋಕೆ ಒಂದು ಸೆಕೆಂಡ್ ಸಾಕು. ಸೇಲ್ ಮಧ್ಯೆ ಪ್ರಾಡಕ್ಟ್ ಓನರ್ ಕೂಪನ್ ನಿಯಮ ಬದಲಾಯಿಸಿದರೆ ಬದಲಾಗೋದು ಇದೊಂದೇ. ಬದಲಾಗಬಹುದಾದ ತೀರ್ಮಾನವನ್ನ ಒಂದು ಮಾಡ್ಯೂಲ್ ಒಳಗೆ ಬಚ್ಚಿಡಿ ಅಂತ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರಲ್ಲೇ ಬರೆದದ್ದು ಇದನ್ನೇ.

ಎರಡನೇ ಭಾಗ, ‘ಕಳಿಸು’, ಅದರಲ್ಲಿ ಅಪಾಯ ಬೇರೆ ಥರದ್ದು. ಗೇಟ್‌ವೇಗೆ ಹೋಗೋ ಎಚ್‌ಟಿಟಿಪಿ ಕರೆಯನ್ನ ಡೇಟಾಬೇಸ್ ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು ಇಲ್ಲವೇ ಏನೂ ಆಗಬಾರದು ಅನ್ನೋ ಕೆಲಸಗಳ ಕಟ್ಟು) ಒಳಗೆ ಇಡಬೇಡಿ. ಸ್ಪ್ರಿಂಗ್ ಬೂಟ್ ಜೊತೆ ಬರೋ ಹಿಕಾರಿ ಪೂಲ್‌ನ (ಡೇಟಾಬೇಸ್ ಕನೆಕ್ಷನ್‌ಗಳನ್ನ ಹಂಚಿಕೊಡೋ ಭಾಗದ) ಡೀಫಾಲ್ಟ್ 10 ಕನೆಕ್ಷನ್, ಕಾಯೋ ಅವಧಿ 30 ಸೆಕೆಂಡ್. ಗೇಟ್‌ವೇ ನಿಧಾನವಾಗಿ ಒಂದು ಕರೆಗೆ 20 ಸೆಕೆಂಡ್ ಹಿಡಿಯಿತು ಅಂದುಕೊಳ್ಳಿ, ಹತ್ತು ಜನ ರಿಫಂಡ್ ಕೇಳಿದರೆ ಹತ್ತೂ ಕನೆಕ್ಷನ್ ಅಲ್ಲೇ ಸಿಕ್ಕಿಹಾಕಿಕೊಳ್ತವೆ. ಹೊಸ ಆರ್ಡರ್ ಹಾಕೋರಿಗೂ ಸರ್ವಿಸ್ ಸತ್ತಂತೆ ಕಾಣುತ್ತೆ. ಅದರ ಬದಲು ರದ್ದತಿಯನ್ನೂ ‘ಈ ರಿಫಂಡ್ ಕಳಿಸಬೇಕು’ ಅನ್ನೋ ಸಾಲನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಟೇಬಲ್‌ಗೆ ಬರೆಯಿರಿ. ಅದನ್ನ ಓದಿ ಕಳಿಸೋಕೆ ಬೇರೊಂದು ವರ್ಕರ್. ಇದಕ್ಕೆ ಔಟ್‌ಬಾಕ್ಸ್ ಅಂತಾರೆ.

ಟೈಮ್‌ಔಟ್ ಆದರೆ ವಿಫಲ ಅಂತ ಬರೆಯಬೇಡಿ. ದುಡ್ಡು ಹೋಗಿರಬಹುದು, ಹೋಗದೇನೂ ಇರಬಹುದು. ‘ತಿಳಿಯದು’ ಅಂತ ಒಂದು ಸ್ಥಿತಿ ಇರಲಿ, ಅದೇ ರೆಫರೆನ್ಸ್ ಸಂಖ್ಯೆ ಹಿಡಿದು ಗೇಟ್‌ವೇಯನ್ನ ಕೇಳಿ. ಹೊಸ ಸಂಖ್ಯೆ ಹಾಕಿ ಮತ್ತೆ ಕಳಿಸಿದರೆ ಎರಡು ಸಲ ದುಡ್ಡು ಹೋಗುತ್ತೆ. ವೆಬ್‌ಹುಕ್ (ಗೇಟ್‌ವೇ ತಾನಾಗೇ ಕಳಿಸೋ ಸೂಚನೆ) ಎರಡೆರಡು ಸಲ ಬರುತ್ತೆ, ಕೆಲವೊಮ್ಮೆ ನಿಮ್ಮ ಕರೆಗೆ ಉತ್ತರ ಬರೋ ಮುಂಚೆಯೇ ಬರುತ್ತೆ. ರಿಫಂಡ್ ಟೇಬಲ್‌ನಲ್ಲಿ ಆರ್ಡರ್ ಸಾಲು ಮತ್ತು ರದ್ದತಿ ಸಂಖ್ಯೆ ಎರಡಕ್ಕೂ ಸೇರಿ ಒಂದು ಯುನೀಕ್ ಕನ್‌ಸ್ಟ್ರೇಂಟ್ (ಅದೇ ಜೋಡಿ ಎರಡನೇ ಸಲ ಬರದಂತೆ ತಡೆಯೋ ನಿಯಮ) ಇಟ್ಟರೆ ಕೋಡ್ ತಪ್ಪಿದರೂ ಡೇಟಾಬೇಸ್ ತಡೆಯುತ್ತೆ.

ಈ ಡಿಸೈನ್ ಮಾತುಕತೆಗೆ ಮುಕ್ಕಾಲು ಗಂಟೆ, ಮೂರು ಜನ, ಒಂದು ಬೋರ್ಡ್ ಸಾಕು. ಪೂರ್ತಿ ಒಂದು ಸ್ಪ್ರಿಂಟ್ ಮುಂಚೆ ಡಾಕ್ಯುಮೆಂಟ್ ಬರೆದರೆ, ಮೇಲಿನ ₹399 ಥರದ ಪ್ರಶ್ನೆ ಕೇಳೋಕೆ ಮುಂಚೆಯೇ ಕ್ಲಾಸ್ ಡಯಾಗ್ರಾಮ್ ತಯಾರಾಗಿರುತ್ತೆ. ಆಮೇಲೆ ಅದನ್ನ ಬದಲಾಯಿಸೋಕೆ ಯಾರಿಗೂ ಮನಸ್ಸು ಬರಲ್ಲ. ಬರೆದಿಡಬೇಕಾದದ್ದು ಅರ್ಧ ಪುಟ: ಸಂದರ್ಭ ಏನು, ಏನು ತೀರ್ಮಾನಿಸಿದ್ವಿ, ಅದರಿಂದ ಏನು ಕಷ್ಟ ಒಪ್ಪಿಕೊಂಡ್ವಿ. ನಂಬರ್ ಹಾಕಿ ರೆಪೊ (ಕೋಡ್ ಇರೋ ಜಾಗ) ಒಳಗೇ ಇಡಿ. ತೀರ್ಮಾನ ಬದಲಾದರೆ ಹಳೇದನ್ನ ತಿದ್ದಬೇಡಿ, ಹೊಸದು ಬರೆದು ಹಳೇದರ ಮೇಲೆ ‘ರದ್ದು, ಇಂತಿಂಥ ನಂಬರ್ ನೋಡಿ’ ಅಂತ ಹಾಕಿ. ಹೊಸ ಟೇಬಲ್, ಹೊರಗಿನ ಹೊಸ ಸರ್ವಿಸ್, ಬೇರೆ ಟೀಮ್ ಬಳಸೋ ಎಪಿಐ, ಈ ಮೂರರಲ್ಲಿ ಒಂದನ್ನಾದರೂ ಮುಟ್ಟಿದರೆ ಮಾತ್ರ ಇದು ಬೇಕು. ಬಟನ್ ಬಣ್ಣಕ್ಕೆಲ್ಲ ಬೇಡ.

---

ಟೆಸ್ಟಮ್ಮ

ಶರಾವತಿಯವರು ಹೇಳಿದ್ದಕ್ಕೆ ಟೆಸ್ಟಿಂಗ್ ಕಡೆಯಿಂದ ಒಂದೆರಡು ಸೇರಿಸ್ತೀನಿ.

4,000 ಸಾಲಿನ ಕ್ಲಾಸ್‌ನಿಂದ ರಿಫಂಡ್ ಲೆಕ್ಕ ಹೊರಗೆ ತೆಗೆಯೋ ಮುಂಚೆ, ಇವತ್ತು ಅದು ಏನು ಮಾಡ್ತಿದೆಯೋ ಅದನ್ನ ಹಿಡಿದಿಡೋ ಟೆಸ್ಟ್ ಬೇಕು. ಪ್ರೊಡಕ್ಷನ್‌ನಿಂದ 50 ಆರ್ಡರ್ ಆರಿಸಿ. ಕೂಪನ್ ಇರೋದು, ಇಲ್ಲದ್ದು, ಕ್ಯಾಶ್ ಆನ್ ಡೆಲಿವರಿ, ಅರ್ಧ ವ್ಯಾಲೆಟ್ ಅರ್ಧ ಯುಪಿಐ ಕೊಟ್ಟಿದ್ದು, ರಾಜ್ಯದೊಳಗಿನದ್ದು, ಹೊರಗಿನದ್ದು ಎಲ್ಲ ಬರಲಿ. ಕೊನೆಯ ಎರಡು ಯಾಕೆ ಅಂದರೆ ಒಂದಕ್ಕೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಅಂತ ಎರಡು ಸಾಲು, ಇನ್ನೊಂದಕ್ಕೆ ಐಜಿಎಸ್‌ಟಿ ಒಂದೇ ಸಾಲು, ರೌಂಡಿಂಗ್ ಬೇರೆ ಬೇರೆ ಥರ ಆಗುತ್ತೆ. ಹೆಸರು, ಫೋನ್, ವಿಳಾಸ ಅಳಿಸಿ. ಹಳೆ ಕೋಡ್ ಕೊಟ್ಟ ಉತ್ತರವನ್ನ ಫೈಲ್‌ಗೆ ಬರೆದಿಟ್ಟು ಹೊಸ ಕೋಡ್‌ನ ಉತ್ತರದ ಜೊತೆ ಹೋಲಿಸಿ. ಹಳೇದರಲ್ಲಿ ತಪ್ಪು ಕಂಡರೂ ಆಗಲೇ ಸರಿಪಡಿಸೋಕೆ ಹೋಗಬೇಡಿ. ಜಾಗ ಬದಲಾಯಿಸೋದು ಒಂದು ಪಿಆರ್ (ರಿವ್ಯೂಗೆ ಕೊಡೋ ಬದಲಾವಣೆ), ನಡವಳಿಕೆ ಬದಲಾಯಿಸೋದು ಇನ್ನೊಂದು ಪಿಆರ್. ಎರಡೂ ಸೇರಿದರೆ ರಿವ್ಯೂ ಮಾಡೋರಿಗೆ ಯಾವುದು ಬೇಕಂತ ಬದಲಾಗಿದ್ದು, ಯಾವುದು ಕೈತಪ್ಪಿ ಬದಲಾಗಿದ್ದು ಅಂತ ಗೊತ್ತಾಗಲ್ಲ.

ನಿಮ್ಮ ‘ಡನ್’ (ಸ್ಟೋರಿ ಮುಗಿದಿದೆ ಅನ್ನೋಕೆ ಏನೇನು ಆಗಿರಬೇಕು) ಪಟ್ಟಿಯಲ್ಲಿ ಏನಿದೆ ಅಂತ ನೀವು ಬರೆದಿಲ್ಲ. ಟೆಸ್ಟರ್ ನೋಡಿದ ಮೇಲೆ ಡನ್ ಅನ್ನೋದಷ್ಟೇ ಇದ್ದರೆ ಟೆಸ್ಟಿಂಗ್ ಕಾಲಮ್ ಯಾವತ್ತೂ ಖಾಲಿ ಆಗಲ್ಲ. ಉದಾಹರಣೆಗಳೆಲ್ಲ ಆಟೊಮೇಟೆಡ್ ಟೆಸ್ಟ್ ಆಗಿರಬೇಕು, ಮೇನ್ ಬ್ರಾಂಚ್‌ಗೆ ಮರ್ಜ್ ಆಗಿರಬೇಕು, ಸ್ಟೇಜಿಂಗ್‌ನಲ್ಲಿ (ಪ್ರೊಡಕ್ಷನ್ ಥರದ ಪರೀಕ್ಷಾ ವ್ಯವಸ್ಥೆಯಲ್ಲಿ) ಓಡ್ತಿರಬೇಕು, ರಿಫಂಡ್ ‘ತಿಳಿಯದು’ ಸ್ಥಿತಿಯಲ್ಲಿ 15 ನಿಮಿಷಕ್ಕಿಂತ ಹೆಚ್ಚು ಇದ್ದರೆ ಅಲರ್ಟ್ ಬರಬೇಕು. ಇದು ಡೆವಲಪರ್‌ಗಳ ಪಟ್ಟಿ. ಹೀಗಾದರೆ ಟೆಸ್ಟರ್‌ಗೆ ಯಾರೂ ಯೋಚಿಸದ ಸಂದರ್ಭ ಹುಡುಕೋಕೆ ಸಮಯ ಸಿಗುತ್ತೆ, ಆ ಕೆಲಸಕ್ಕೆ ತಾನೇ ಟೆಸ್ಟರ್ ಬೇಕಾಗಿರೋದು.

ಒಂಬತ್ತನೇ ದಿನ ಅರ್ಧ ಮುಗಿದ ಸ್ಟೋರಿಗೆ ಅರ್ಧ ಪಾಯಿಂಟ್ ಕೊಡೋ ಅಭ್ಯಾಸ ಇದ್ದರೆ ದಯವಿಟ್ಟು ನಿಲ್ಲಿಸಿ. ಸೊನ್ನೆ ಅಂದರೆ ಸೊನ್ನೆ. ಅರ್ಧ ಕೊಟ್ಟರೆ ವೆಲಾಸಿಟಿ (ಸ್ಪ್ರಿಂಟ್‌ಗೆ ಮುಗಿಯೋ ಪಾಯಿಂಟ್) ಚೆಂದ ಕಾಣುತ್ತೆ, ಪ್ಲಾನಿಂಗ್ ಹಾಳಾಗುತ್ತೆ.

---

ಬಿಲ್ಡ್‌ಕೆಂಪಣ್ಣ

ಎಲ್ಲರಿಗೂ ಧನ್ಯವಾದ. ₹465.67, ₹399, ₹499 ಉದಾಹರಣೆಯನ್ನ ನೇರ ಪ್ರಾಡಕ್ಟ್ ಓನರ್ ಮುಂದಿಡ್ತೀನಿ. ಇನ್ನು ಎರಡು ಕೇಳಬೇಕು. ಕ್ಲಾಸ್ ಒಡೆಯುವಾಗ ಸ್ಪ್ರಿಂಗ್ ಟ್ರಾನ್ಸಾಕ್ಷನ್‌ಗಳಿಗೆ ಏನಾದರೂ ಆಗುತ್ತಾ? ಮತ್ತೆ, ಆರ್ಡರ್ ಸಾಲಿನ ಟೇಬಲ್‌ಗೆ ರಿಯಾಯಿತಿ ಕಾಲಮ್ ಸೇರಿಸಬೇಕು ಅಂದ್ರಿ, ಆ ಟೇಬಲ್ ಸಿಕ್ಕಾಪಟ್ಟೆ ದೊಡ್ಡದಿದೆ, ಡೌನ್‌ಟೈಮ್ ಕೊಡಲ್ಲ ಅಂತಾರೆ.

---

ಶರಾವತಿ_ಸ್ಟ್ಯಾಕ್

ಮೊದಲನೇದಕ್ಕೆ ಉತ್ತರ: ಆಗುತ್ತೆ, ಸದ್ದಿಲ್ಲದೆ ಆಗುತ್ತೆ. ಸ್ಪ್ರಿಂಗ್‌ನ ಟ್ರಾನ್ಸಾಕ್ಷನಲ್ ಅನೊಟೇಶನ್ (ಮೆಥಡ್ ಮೇಲೆ ಬರೆಯೋ ಗುರುತು) ಪ್ರಾಕ್ಸಿ (ಹೊರಗಿಂದ ಬರೋ ಕರೆಯನ್ನ ನಡುವೆ ಹಿಡಿಯೋ ಹೊದಿಕೆ) ಮೂಲಕ ಕೆಲಸ ಮಾಡುತ್ತೆ. ಒಂದೇ ಕ್ಲಾಸ್ ಒಳಗೆ ಒಂದು ಮೆಥಡ್ ಇನ್ನೊಂದನ್ನ ಕರೆದರೆ ಪ್ರಾಕ್ಸಿ ನಡುವೆ ಬರೋದೇ ಇಲ್ಲ, ಅನೊಟೇಶನ್ ಇದ್ದೂ ಇಲ್ಲದ ಹಾಗೆ. ನಿಮ್ಮ 4,000 ಸಾಲಿನಲ್ಲಿ ಯಾರೋ ಯಾವತ್ತೋ ‘ಹೊಸ ಟ್ರಾನ್ಸಾಕ್ಷನ್ ಬೇಕು’ ಅಂತ ಒಂದು ಮೆಥಡ್ ಮೇಲೆ ಬರೆದಿರ್ತಾರೆ, ಅದು ಇವತ್ತಿನವರೆಗೆ ಕೆಲಸವೇ ಮಾಡಿರಲ್ಲ. ಅದನ್ನ ಬೇರೆ ಬೀನ್‌ಗೆ (ಸ್ಪ್ರಿಂಗ್ ನೋಡಿಕೊಳ್ಳೋ ಆಬ್ಜೆಕ್ಟ್‌ಗೆ) ಸಾಗಿಸಿದ ದಿನ ಮಾಡೋಕೆ ಶುರು ಮಾಡುತ್ತೆ. ಹೊರಗಿನದು ಒಂದು ಕನೆಕ್ಷನ್ ಹಿಡಿದುಕೊಂಡೇ ಒಳಗಿನದು ಇನ್ನೊಂದು ಕೇಳುತ್ತೆ. 10 ಕನೆಕ್ಷನ್‌ನ ಪೂಲ್‌ನಲ್ಲಿ ಒಟ್ಟಿಗೆ 10 ರಿಕ್ವೆಸ್ಟ್ ಬಂದರೆ ಎಲ್ಲರೂ ಒಂದೊಂದು ಹಿಡಿದು ಎರಡನೇದಕ್ಕೆ ಕಾಯ್ತಾ ಕೂರ್ತಾರೆ. ಲೋಡ್ ಇಲ್ಲದ ಸ್ಟೇಜಿಂಗ್‌ನಲ್ಲಿ ಇದು ಕಾಣೋದೇ ಇಲ್ಲ. ಒಡೆಯೋ ಮುಂಚೆ ಆ ಕ್ಲಾಸ್‌ನಲ್ಲಿರೋ ಎಲ್ಲ ಟ್ರಾನ್ಸಾಕ್ಷನಲ್ ಅನೊಟೇಶನ್‌ಗಳ ಪಟ್ಟಿ ಮಾಡಿ, ಯಾವುದನ್ನ ಒಳಗಿಂದಲೇ ಕರೀತಿದಾರೆ ಅಂತ ಗುರುತು ಹಾಕಿ. ಇನ್ನೊಂದು: ಚೆಕ್ಡ್ ಎಕ್ಸೆಪ್ಶನ್ (ಜಾವಾದಲ್ಲಿ ಮೊದಲೇ ಘೋಷಿಸಬೇಕಾದ ದೋಷ) ಬಂದರೆ ಡೀಫಾಲ್ಟ್ ಆಗಿ ರೋಲ್‌ಬ್ಯಾಕ್ ಆಗಲ್ಲ (ಬರೆದದ್ದು ಅಳಿಯಲ್ಲ), ಕಮಿಟ್ ಆಗುತ್ತೆ.

ಒಡೆದದ್ದು ಮತ್ತೆ ಅಂಟಿಕೊಳ್ಳದ ಹಾಗೆ ಆರ್ಕ್‌ಯುನಿಟ್‌ನಲ್ಲಿ (ಕೋಡ್ ರಚನೆಯ ನಿಯಮ ಪರೀಕ್ಷಿಸೋ ಲೈಬ್ರರಿ) ಒಂದು ಟೆಸ್ಟ್ ಹಾಕಿ: ರಿಫಂಡ್ ಲೆಕ್ಕದ ಪ್ಯಾಕೇಜ್ ಸ್ಪ್ರಿಂಗ್‌ನಿಂದಲೋ ಜೆಪಿಎಯಿಂದಲೋ (ಜಾವಾದ ಡೇಟಾಬೇಸ್ ಪದರ) ಏನನ್ನೂ ಇಂಪೋರ್ಟ್ ಮಾಡಬಾರದು. ಹಳೆ ಕೋಡ್‌ಗೂ ನಿಯಮ ಹಾಕಬೇಕು ಅಂದರೆ ಅದರಲ್ಲಿ ಫ್ರೀಜ್ ಸೌಲಭ್ಯ ಇದೆ. ಈಗಿರೋ ಉಲ್ಲಂಘನೆಗಳನ್ನ ಬರೆದಿಟ್ಟುಕೊಂಡು ಹೊಸದು ಬಂದರೆ ಮಾತ್ರ ಬಿಲ್ಡ್ ಕೆಂಪು ಮಾಡುತ್ತೆ.

---

ಟೇಬಲ್_ತಿಮ್ಮಪ್ಪ

ಪೋಸ್ಟ್‌ಗ್ರೆಸ್ ಪ್ರಶ್ನೆಗೆ. ಡೌನ್‌ಟೈಮ್ ಬೇಡ, ಆದರೆ ಒಂದೇ ರಿಲೀಸ್‌ನಲ್ಲಿ ಮುಗಿಸೋಕೆ ಹೋಗಬೇಡಿ, ಕಡಿಮೆ ಅಂದರೆ ಮೂರು ರಿಲೀಸ್. ಡಿಪ್ಲಾಯ್ ಆಗ್ತಿರುವಾಗ ಹಳೆ ಕೋಡ್ ಹೊಸ ಕೋಡ್ ಎರಡೂ ಒಟ್ಟಿಗೆ ಓಡ್ತಿರುತ್ತೆ, ಎರಡಕ್ಕೂ ಟೇಬಲ್ ಹೊಂದಬೇಕು.

1. ನಲ್ (ಖಾಲಿ ಬೆಲೆ) ಒಪ್ಪೋ ಬಿಗ್‌ಇಂಟ್ (ದೊಡ್ಡ ಪೂರ್ಣಾಂಕದ) ಕಾಲಮ್ ಸೇರಿಸಿ. ಕ್ಷಣದ ಕೆಲಸ, ಆದರೆ ಆ ಕ್ಷಣಕ್ಕೆ ಟೇಬಲ್ ಪೂರ್ತಿ ಲಾಕ್ ಬೇಕು. ಅದೇ ಹೊತ್ತಿಗೆ ಯಾರಾದರೂ ಉದ್ದದ ರಿಪೋರ್ಟ್ ಕ್ವೆರಿ ಓಡಿಸ್ತಿದ್ದರೆ ನಿಮ್ಮ ಆಲ್ಟರ್ (ಕಾಲಮ್ ಸೇರಿಸೋ ಆದೇಶ) ಕಾಯುತ್ತೆ, ಅದರ ಹಿಂದೆ ಬಂದ ಎಲ್ಲ ಆರ್ಡರ್‌ಗಳೂ ಕಾಯ್ತವೆ. ಲಾಕ್ ಟೈಮ್‌ಔಟ್ 2 ಸೆಕೆಂಡ್ ಇಟ್ಟು, ಸಿಗದಿದ್ದರೆ ಬಿಟ್ಟು ಮತ್ತೆ ಪ್ರಯತ್ನಿಸಿ.

2. ಹೊಸ ಆರ್ಡರ್‌ಗಳಿಗೆ ಕಾಲಮ್ ತುಂಬೋ ಕೋಡ್ ಬಿಡಿ. ಓದೋದು ಇನ್ನೂ ಹಳೆ ದಾರಿಯಲ್ಲೇ.

3. ಹಳೆ ಸಾಲುಗಳನ್ನ 5,000ದಂತೆ ತುಂಬಿ, ಪ್ರತಿ ಕಂತಿಗೂ ಕಮಿಟ್. ಒಂದೇ ಅಪ್‌ಡೇಟ್‌ನಲ್ಲಿ ಎಲ್ಲ ತುಂಬಿದರೆ ಡೆಡ್ ಸಾಲು (ಬದಲಾದ ಸಾಲಿನ ಹಳೆ ಪ್ರತಿ) ರಾಶಿ ಬೀಳುತ್ತೆ, ರೆಪ್ಲಿಕಾ (ನಕಲು ಡೇಟಾಬೇಸ್) ಹಿಂದೆ ಬೀಳುತ್ತೆ. ಇವು ಆರ್ಡರ್ ಹೊತ್ತಿನಲ್ಲಿ ಬರೆದದ್ದಲ್ಲ, ಆಮೇಲೆ ಲೆಕ್ಕ ಹಾಕಿದ್ದು ಅನ್ನೋ ಗುರುತು ಇನ್ನೊಂದು ಕಾಲಮ್‌ನಲ್ಲಿ ಇರಲಿ, ಆಡಿಟ್‌ನವರು ಕೇಳ್ತಾರೆ.

4. ‘ನಲ್ ಇರಬಾರದು’ ಅನ್ನೋದನ್ನ ನೇರ ಹಾಕಿದರೆ ಲಾಕ್ ಹಿಡಿದು ಪೂರ್ತಿ ಟೇಬಲ್ ಓದುತ್ತೆ. ಮೊದಲು ಚೆಕ್ ಕನ್‌ಸ್ಟ್ರೇಂಟನ್ನ ‘ನಾಟ್ ವ್ಯಾಲಿಡ್’ ಅಂತ ಸೇರಿಸಿ, ಆಮೇಲೆ ವ್ಯಾಲಿಡೇಟ್ ಮಾಡಿ, ಆಗ ಓದು ಬರಹ ಎರಡೂ ನಡೀತಿರುತ್ತೆ. ಅದಾದ ಮೇಲೆ ನಾಟ್ ನಲ್ ಹಾಕಿ. 12ನೇ ಆವೃತ್ತಿಯಿಂದ ಈಚೆಗೆ ಪೋಸ್ಟ್‌ಗ್ರೆಸ್ ಆ ಚೆಕ್ ನೋಡಿ ಮತ್ತೆ ಟೇಬಲ್ ಓದೋದನ್ನ ಬಿಡುತ್ತೆ.

5. ಓದೋ ಕೋಡ್ ಬದಲಾಯಿಸಿ, ಹಳೆ ದಾರಿ ಅಳಿಸಿ.

ಇಂಡೆಕ್ಸ್ ಬೇಕಿದ್ದರೆ ಕನ್‌ಕರೆಂಟ್ಲಿ ಅಂತಲೇ ಹಾಕಿ. ಅದು ಟ್ರಾನ್ಸಾಕ್ಷನ್ ಒಳಗೆ ಓಡಲ್ಲ, ಬೇರೆ ಮೈಗ್ರೇಶನ್ ಫೈಲ್‌ನಲ್ಲಿ ಇಡಿ. ಮಧ್ಯದಲ್ಲಿ ನಿಂತರೆ ಇನ್‌ವ್ಯಾಲಿಡ್ ಇಂಡೆಕ್ಸ್ ಉಳಿದಿರುತ್ತೆ, ತೆಗೆದು ಮತ್ತೆ ಮಾಡಬೇಕು.

ಸ್ಪ್ರಿಂಟ್ ಲೆಕ್ಕದಲ್ಲಿ 1 ಮತ್ತು 2 ಈ ಸ್ಪ್ರಿಂಟ್, 3 ರಿಂದ 5 ಮುಂದಿನದು. ಕಾಲಮ್ ಸೇರಿಸೋ ಕೆಲಸವನ್ನ ಕೂಪನ್ ಸ್ಟೋರಿಗೆ ಒಂದು ಸ್ಪ್ರಿಂಟ್ ಮುಂಚೆ ಮಾಡಿಬಿಡಿ. ಆರ್ಕಿಟೆಕ್ಟ್ ಹೇಳೋ ‘ಒಂದು ಸ್ಪ್ರಿಂಟ್ ಮುಂಚೆ’ ನಿಜಕ್ಕೂ ಒಪ್ಪೋದು ಇಂಥ ಕಡೆ ಮಾತ್ರ.

---

ಮೂಲೆಮನೆ_ಮೇನ್‌ಬ್ರಾಂಚ್

ರಿಫ್ಯಾಕ್ಟರಿಂಗ್ ಸ್ಪ್ರಿಂಟ್ ಬಗ್ಗೆ ಯಾರೂ ನೇರ ಮಾತಾಡಲಿಲ್ಲ. ನನ್ನ ಪ್ರಕಾರ ಬೇಡ. ಎರಡು ವಾರದಲ್ಲಿ ಏನನ್ನ ಸರಿ ಮಾಡಬೇಕು ಅನ್ನೋದಕ್ಕೆ ಗುರಿ ಇರಲ್ಲ. ಆರು ಜನ ಆರು ಕಡೆ ತಮಗೆ ಕಣ್ಣಿಗೆ ಚುಚ್ಚಿದ್ದನ್ನ ಸರಿ ಮಾಡ್ತಾರೆ, ರಿವ್ಯೂನಲ್ಲಿ ತೋರಿಸೋಕೆ ಏನೂ ಇರಲ್ಲ, ಮುಂದಿನ ಸಲ ಕೇಳಿದಾಗ ‘ಆಗಲೇ ಕೊಟ್ಟಿದ್ವಲ್ಲ’ ಅನ್ನೋ ಮಾತು ಬರುತ್ತೆ. ಮುಟ್ಟೋ ಜಾಗವನ್ನ ಮಾತ್ರ, ಮುಟ್ಟೋ ಸ್ಟೋರಿಯ ಜೊತೆಗೇ ಸರಿ ಮಾಡಿ.

ಎಲ್ಲಿ ಅಂತ ಆರಿಸೋಕೆ ಗಿಟ್ ಲಾಗ್ (ಕೋಡ್ ಬದಲಾವಣೆಗಳ ದಾಖಲೆ) ಸಾಕು. ಕಳೆದ ಆರು ತಿಂಗಳ ಕಮಿಟ್‌ಗಳಲ್ಲಿ ಫೈಲ್ ಹೆಸರು ಮಾತ್ರ ತೆಗೆದು, ಯಾವುದು ಎಷ್ಟು ಸಲ ಬದಲಾಗಿದೆ ಅಂತ ಎಣಿಸಿ, ಪಕ್ಕದಲ್ಲಿ ಸಾಲಿನ ಸಂಖ್ಯೆ ಇಡಿ. ಎರಡರಲ್ಲೂ ಮೇಲಿರೋ ಹತ್ತು ಫೈಲ್ ಬಿಟ್ಟು ಬೇರೆ ಯಾವುದೂ ಈ ವರ್ಷ ನಿಮ್ಮ ಸಮಯಕ್ಕೆ ಯೋಗ್ಯ ಅಲ್ಲ. 2019ರಿಂದ ಯಾರೂ ಮುಟ್ಟದ ಕೆಟ್ಟ ಕೋಡ್ ಹಾಗೇ ಮಲಗಿರಲಿ.

ಅಪವಾದ ಒಂದಿದೆ. ಸ್ಪ್ರಿಂಗ್ ಬೂಟ್ 2.7ರಲ್ಲೇ ಇದ್ದೀರಾ ನೋಡಿ. ಅದರ ಉಚಿತ ಬೆಂಬಲ 2023ರ ನವೆಂಬರ್‌ನಲ್ಲೇ ಮುಗಿದಿದೆ. 3ಕ್ಕೆ ಹೋಗೋಕೆ ಜಾವಾ 17 ಬೇಕು, ಜಾವಾ ಇಇಯಿಂದ ಬಂದ ಜಾವಾಎಕ್ಸ್ ಪ್ಯಾಕೇಜ್‌ಗಳ ಹೆಸರು ಜಕಾರ್ತಾ ಆಗಬೇಕು. ಇದನ್ನ ರಿಫಂಡ್ ಸ್ಟೋರಿ ಒಳಗೆ ಸ್ವಲ್ಪ ಸ್ವಲ್ಪ ಮಾಡೋಕೆ ಆಗಲ್ಲ. ಇಬ್ಬರನ್ನ ಕೂರಿಸಿ: ಮೊದಲು 2.7ರಲ್ಲೇ ಜಾವಾ 17ಕ್ಕೆ ಹೋಗಿ ಪ್ರೊಡಕ್ಷನ್‌ಗೆ ಬಿಡಿ, ಡಿಪ್ರಿಕೇಟೆಡ್ (ಇನ್ನು ಬಳಸಬೇಡಿ ಅನ್ನೋ) ಎಚ್ಚರಿಕೆಗಳನ್ನೆಲ್ಲ ತೆಗೆಯಿರಿ, ಆಮೇಲೆ ಓಪನ್‌ರಿರೈಟ್ (ಕೋಡನ್ನ ತಾನಾಗೇ ತಿದ್ದೋ ಸಾಧನ) ಓಡಿಸಿ ಇಂಪೋರ್ಟ್ ಬದಲಾಯಿಸಿ. ಆ ಒಂದು ಪಿಆರ್ ಮರ್ಜ್ ಆಗೋ ದಿನ ಉಳಿದವರು ಬೇರೇನೂ ಮರ್ಜ್ ಮಾಡಬಾರದು. ಸೇಲ್ ಮುಗಿದ ಮೇಲೆ ಇಟ್ಟುಕೊಳ್ಳಿ.

---

ಗೇರುಬೀಜ_ಗಿಟ್

ಮೂಲೆಮನೆಯವರ ಮಾತು ಒಪ್ಪಿದೆ, ಒಂದು ತಿದ್ದುಪಡಿಯೊಂದಿಗೆ. ಸ್ಟೋರಿ ಜೊತೆಗೇ ಸರಿ ಮಾಡಿ ಅಂದರೆ ಆ ಸಮಯವನ್ನ ಎಸ್ಟಿಮೇಟ್ ಒಳಗೇ ಸೇರಿಸಿ. ‘ರಿಫ್ಯಾಕ್ಟರಿಂಗ್’ ಅಂತ ಪ್ರತ್ಯೇಕ ಸಬ್‌ಟಾಸ್ಕ್ ಮಾಡಿದರೆ ಹತ್ತನೇ ದಿನ ಮೊದಲು ಕಿತ್ತುಹೋಗೋದು ಅದೇ.

---

ಬಿಲ್ಡ್‌ಕೆಂಪಣ್ಣ

ಕೊನೆಯದು. ಹೊಸ ಲೆಕ್ಕವನ್ನ ಒಮ್ಮೆಗೇ ಎಲ್ಲರಿಗೂ ಬಿಡೋದಾ, ಟಾಗಲ್ (ಆನ್-ಆಫ್ ಸ್ವಿಚ್) ಹಿಂದೆ ಇಡೋದಾ?

---

ಟೆಸ್ಟಮ್ಮ

ಟಾಗಲ್ ಹಿಂದೆ. ಮೊದಲ ಕೆಲವು ದಿನ ಹಳೇದು ಹೊಸದು ಎರಡೂ ಲೆಕ್ಕ ಹಾಕಲಿ, ಗ್ರಾಹಕನಿಗೆ ಹೋಗೋದು ಹಳೇದರ ಉತ್ತರ, ವ್ಯತ್ಯಾಸ ಇದ್ದರೆ ಆರ್ಡರ್ ಸಂಖ್ಯೆ ಸಮೇತ ಲಾಗ್‌ಗೆ. ಹೊಸ ನಿಯಮದಿಂದ ಬಂದ ವ್ಯತ್ಯಾಸ ಬಿಟ್ಟು ಬೇರೇನೂ ಉಳಿದಿಲ್ಲ ಅಂದಮೇಲೆ 5 ಪರ್ಸೆಂಟ್, 50, 100. ಯಾರು ಆ 5 ಅನ್ನೋದನ್ನ ಆರ್ಡರ್ ಸಂಖ್ಯೆಯಿಂದ ನಿರ್ಧರಿಸಿ. ಪ್ರತಿ ರಿಕ್ವೆಸ್ಟ್‌ಗೂ ಕಾಸು ಚಿಮ್ಮಿದರೆ ಒಂದೇ ಆರ್ಡರ್‌ನ ಮೊದಲ ರದ್ದತಿ ಹೊಸದರಲ್ಲಿ, ಎರಡನೇದು ಹಳೇದರಲ್ಲಿ ಆಗಿ ಮೊತ್ತ ತಾಳೆಯಾಗಲ್ಲ.

ಟಾಗಲ್ ತೆಗೆಯೋ ಟಿಕೆಟನ್ನ ಟಾಗಲ್ ಹಾಕೋ ದಿನವೇ ಮಾಡಿ, ಅದರಲ್ಲಿ ಕೊನೆಯ ದಿನಾಂಕ ಬರೆದು, ದಿನಾಂಕ ದಾಟಿದರೆ ಬಿಲ್ಡ್ ಬೀಳೋ ಹಾಗೆ ಒಂದು ಟೆಸ್ಟ್ ಹಾಕಿ. ಆರು ಟಾಗಲ್ ಉಳಿದರೆ 64 ಸಂಯೋಜನೆ, ಅಷ್ಟನ್ನ ಯಾರೂ ಟೆಸ್ಟ್ ಮಾಡಲ್ಲ. ಸೇಲ್‌ನ ಕೋಡ್ ಫ್ರೀಜ್ (ಹೊಸ ಕೋಡ್ ಬಿಡೋದನ್ನ ನಿಲ್ಲಿಸೋದು) ಯಾವತ್ತಿಂದ ಅಂತ ಕೇಳಿಕೊಳ್ಳಿ. 100 ಪರ್ಸೆಂಟ್ ಆಗಿ ಕನಿಷ್ಠ ಒಂದು ವಾರ ಕಳೆದ ಮೇಲೆ ಫ್ರೀಜ್ ಬರಬೇಕು. ಅಷ್ಟು ದಿನ ಸಿಗದಿದ್ದರೆ ಸೇಲ್ ಹಳೆ ಕೋಡ್‌ನಲ್ಲೇ ನಡೀಲಿ, ಟಾಗಲ್ ಆಫ್ ಇರಲಿ.